ಮುರಿದ ಏಣಿಯನ್ನು ಅಂಗಡಿಗೆ ವಾಪಸ್ ಕೊಡಲಿಲ್ಲ

ನಮ್ಮ ಕಾಫಿ ಗೋಡೌನಿನ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ, ಒಂದು ಮುರಿದ ಅಲ್ಯೂಮಿನಿಯಂ ಏಣಿ ಹದಿನೈದು ತಿಂಗಳು ಮಲಗಿತ್ತು. ಅತ್ತೆಯವರ ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಮಾತು: "ಮನೆ ಮಗನನ್ನು ಬೀಳಿಸಿದ ಸಾಮಾನು ಅದು. ಗುಜರಿಗೆ ಹಾಕು, ಇಲ್ಲಾ ಅಂಗಡಿಯವನ ಮುಖಕ್ಕೆ ಎಸೆದು ಬಾ." ಮುರಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಅವರು ನಂಬಿದವರು. ನಾನು ಮಾತ್ರ ಅದನ್ನು ಹಳೆಯ ಟಾರ್ಪಾಲಿನಲ್ಲಿ ಸುತ್ತಿ, ಹಗ್ಗ ಕಟ್ಟಿ, ಇಲಿಯೂ ಮುಟ್ಟದ ಹಾಗೆ ಕಾದೆ. ಈ ಕಕ್ಕಡ ತಿಂಗಳ ಮಳೆಯಲ್ಲಿ ಕೂತು, ಕೊಂಡ ಸಾಮಾನಿನ ದೋಷದಿಂದ ಪೆಟ್ಟಾಗಿ ಪರಿಹಾರ ಕೇಳಲು ಹೊರಟ ಆ ಕತೆಯನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಏನೂ ಗೊತ್ತಿಲ್ಲದ ಇನ್ನೊಬ್ಬಳಿಗೆ ಮೊದಲ ವಾರವೇ ಇದು ಸಿಗಲಿ ಅಂತ.

2024ರ ಮಾರ್ಚ್ 6. ರೋಬಸ್ಟಾ ಕಾಫಿ ಕುಯ್ಲು ಮುಗಿದು ಕಾಳುಮೆಣಸು ಅರ್ಧಕ್ಕೆ ಬಂದಿತ್ತು. ಕೊಡಗಿನ ಮೂರ್ನಾಡಿನ ಹತ್ತಿರ ನಮ್ಮದು ನಾಲ್ಕು ಎಕರೆ. ಮೆಣಸು ಕುಯ್ಯುವವರು ಈಗ ಸಿಗುವುದೇ ಅಪರೂಪ, ಸಿಕ್ಕಿದರೂ ದೊಡ್ಡ ತೋಟದ ಕೆಲಸ ಮುಗಿಸಿಯೇ ನಮ್ಮ ಕಡೆ ಮುಖ ಮಾಡುತ್ತಾರೆ. ಹಾಗಾಗಿ ನಮ್ಮ ಯಜಮಾನರೇ ಹತ್ತುವುದು, ನಾನು ಕೆಳಗೆ ಉದುರಿದ್ದನ್ನು ಆಯುವುದು. ಹಿಂದೆ ಬಿದಿರಿನ ಏಣಿ ಇತ್ತು. ಅದು ಲಡ್ಡಾಯಿತೆಂದು ಜನವರಿಯಲ್ಲಿ ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ಏಣಿ ತಂದೆವು. 11,500 ರೂಪಾಯಿ. ಅಂಗಡಿಗೆ ಹೋದವಳು ನಾನು, ಫೋನಿನಲ್ಲಿ ದುಡ್ಡು ಹಾಕಿದವಳೂ ನಾನೇ. "ನೂರೈವತ್ತು ಕಿಲೋ ತಡೀತದೆ ಅಕ್ಕ, ಇಬ್ಬರು ಹತ್ತಿದರೂ ಏನೂ ಆಗಲ್ಲ" ಅಂದಿದ್ದ ಅಂಗಡಿಯವ. ಏಣಿಯ ಮೇಲೆ 'ಹೆವಿ ಡ್ಯೂಟಿ' ಎಂಬ ಸ್ಟಿಕ್ಕರು, ಕೆಳಗೆ ಹೊರರಾಜ್ಯದ ಒಂದು ವಿಳಾಸ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಸಿಲ್ವರ್ ಓಕ್ ಮರದ ಬುಡದಲ್ಲಿ ನಾನು ಬಗ್ಗಿದ್ದೆ. ಮೇಲಿಂದ ಟಕ್ ಎಂದು ಒಂದು ಸದ್ದು ಬಂತು, ಒಣ ಕೊಂಬೆ ಮುರಿದಂತೆ ಅಲ್ಲ, ಪಾತ್ರೆಯ ಹಿಡಿ ಕಿತ್ತು ಬಂದಂತೆ. ತಲೆ ಎತ್ತುವುದರೊಳಗೆ ಅವರು ನೆಲದ ಮೇಲಿದ್ದರು. ಇಪ್ಪತ್ತು ಅಡಿ ಇರಬಹುದು. ಕಾಲೂರಿ ಬಿದ್ದದ್ದರಿಂದ ತಲೆ ಉಳಿಯಿತು, ಆದರೆ ಎರಡೂ ಹಿಮ್ಮಡಿಯ ಮೂಳೆ ಮುರಿಯಿತು. ಬೆನ್ನುಮೂಳೆಯ ಒಂದು ಮಣಿ ಕುಸಿಯಿತು. ಪಕ್ಕದ ತೋಟದವರು ಜೀಪಿನ ಹಿಂದೆ ಹಾಸಿಗೆ ಹಾಕಿ ಕರೆದೊಯ್ದರು. ಆಮೇಲೆ ಮೈಸೂರು. ಕೊಡಗಿನವರಿಗೆ ಆ ದಾರಿ ಗೊತ್ತು: ಪ್ರತಿ ಗುಂಡಿಯೂ ರೋಗಿಯ ಬೆನ್ನಿಗೇ ತಾಗುತ್ತದೆ.

ನಾನು ಮಾಡಿದ ಮೊದಲ ತಪ್ಪು ಆ ದಿನದ್ದೇ. ಮೊದಲ ಆಸ್ಪತ್ರೆಯಲ್ಲಿ "ಏನಾಯಿತು" ಎಂದು ಕೇಳಿದಾಗ ಜೀಪು ತಂದ ನೆರೆಯವರು "ಮೆಣಸು ಕುಯ್ಯುವಾಗ ಮರದಿಂದ ಬಿದ್ದರು" ಎಂದರು. ನಮ್ಮ ಕಡೆ ಎಲ್ಲರೂ ಹಾಗೆಯೇ ಹೇಳುವುದು. ಚೀಟಿಯಲ್ಲಿ "ಮರದಿಂದ ಬಿದ್ದು ಗಾಯ" ಎಂದು ಬರೆದುಕೊಂಡರು. ಏಣಿ ಎಂಬ ಪದವೇ ಇಲ್ಲ. ನನಗೆ ಆಗ ಅದನ್ನು ಓದುವಷ್ಟೂ ವ್ಯವಧಾನವಿರಲಿಲ್ಲ. ನಾವು ಗ್ರಾಹಕ ಆಯೋಗಕ್ಕೆ ದೂರು ಹಾಕಿದ ಮೇಲೆ ಎದುರು ಪಕ್ಷದವರು, ಅಂದರೆ ಏಣಿ ಮಾರಿದ ಅಂಗಡಿಯವರು, ತಕರಾರಿನ ಮೊದಲ ಸಾಲಿನಲ್ಲೇ ಆ ಚೀಟಿಯನ್ನು ಹಿಡಿದರು: ದೂರುದಾರರ ಗಂಡ ಏಣಿಯಿಂದ ಬಿದ್ದೇ ಇಲ್ಲ, ಮರದಿಂದ ಬಿದ್ದದ್ದು. ನೆರೆಯವರು ದೊಡ್ಡ ಮನಸ್ಸು ಮಾಡಿ, ತಾನೇ ಹಾಗೆ ಹೇಳಿದ್ದು, ಏಣಿಯ ಮೆಟ್ಟಿಲು ಮುರಿದು ನೇತಾಡುತ್ತಿದ್ದುದನ್ನು ತನ್ನ ಕಣ್ಣಾರೆ ಕಂಡಿದ್ದು ಎಂದು ಪ್ರಮಾಣಪತ್ರ ಕೊಟ್ಟರು. ಆಸ್ಪತ್ರೆಯ ಮೇಜಿನ ಬಳಿ ನಿಂತವರು ಒಂದು ಪದ ಸರಿಯಾಗಿ ಹೇಳಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಕುಕ್ಕರ್ ಸಿಡಿದರೆ "ಕುಕ್ಕರ್ ಸಿಡಿಯಿತು" ಎಂದೇ ಬರೆಸಿ, "ಸುಟ್ಟುಕೊಂಡರು" ಎಂದಲ್ಲ. ಪೊಲೀಸರಿಗೆ ಹೋಗುವ ಎಂಎಲ್‌ಸಿ ದಾಖಲೆ ಆದರೆ ಅದರಲ್ಲೂ ಅದೇ ಮಾತು ಇರಲಿ.

ಐದನೇ ದಿನ ಅಂಗಡಿಯವ ಮೈಸೂರಿಗೇ ಬಂದ. ಹಣ್ಣು ತಂದಿದ್ದ, ಕಣ್ಣಲ್ಲಿ ನೀರೂ ಇತ್ತು. ಅವನ ಸಂಕಟ ಸುಳ್ಳು ಎಂದು ನಾನು ಇಂದಿಗೂ ಹೇಳುವುದಿಲ್ಲ. "ಹೊಸ ಏಣಿ ಮನೆಗೇ ಕಳಿಸುತ್ತೇನೆ, ಹಳೆಯದನ್ನು ನಮ್ಮ ಹುಡುಗ ತಗೊಂಡು ಹೋಗ್ತಾನೆ, ಖರ್ಚಿಗೆ ಇಪ್ಪತ್ತೈದು ಸಾವಿರ ಇಟ್ಕೊಳ್ಳಿ" ಅಂದ. ಜೊತೆಗೆ ಒಂದು ಕಾಗದ. ಅದರಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದಿತ್ತು. ಅಷ್ಟು ಹೊತ್ತಿಗೆ ನಾನು ಆಸ್ಪತ್ರೆಗೆ ಕಟ್ಟಿದ್ದೇ ಒಂದು ಲಕ್ಷ ದಾಟಿತ್ತು, ಒಂದು ಚಿನ್ನದ ಸರ ಬ್ಯಾಂಕಿನಲ್ಲಿತ್ತು. ಸಹಿ ಹಾಕಲು ಪೆನ್ನೂ ಹಿಡಿದಿದ್ದೆ. ಪಕ್ಕದ ಮಂಚದ ರೋಗಿಯ ಅಕ್ಕ, ನಿವೃತ್ತ ಟೀಚರ್, "ಊರಿಗೆ ಹೋಗಿ ಯೋಚಿಸಿ ಹಾಕಮ್ಮ, ಕಾಗದ ಎಲ್ಲಿಗೂ ಓಡಿಹೋಗಲ್ಲ" ಅಂದರು. ಆ ಒಂದು ಮಾತು ನಮ್ಮನ್ನು ಉಳಿಸಿತು. ಏಣಿ ಅಂದು ಹೋಗಿದ್ದರೆ ಅದರ ಹಿಂದೆಯೇ ನಮ್ಮ ಕೇಸೂ ಹೋಗುತ್ತಿತ್ತು.

ಅಂದು ಸಂಜೆ ನಮ್ಮ ಮೈದುನನಿಗೆ ಫೋನ್ ಮಾಡಿ, ಏಣಿಯನ್ನು ಬಿದ್ದ ಜಾಗದಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆ, ಮುರಿದ ಮೆಟ್ಟಿಲನ್ನು ಒರೆಸಬೇಡ, ತೊಳೆಯಬೇಡ, ಮತ್ತೆ ಜೋಡಿಸಿ ನೋಡಲೂ ಬೇಡ ಎಂದೆ. ಒರೆಸಬೇಡ ಎಂದದ್ದು ನನ್ನ ಅದೃಷ್ಟ, ತಿಳಿದು ಹೇಳಿದ್ದಲ್ಲ. ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ನನ್ನ ಚಿಕ್ಕಪ್ಪನ ಮಗ ಬಂದು ನೋಡಿದಾಗ ಅದರ ಅರ್ಥ ಗೊತ್ತಾಯಿತು. ಮುರಿದ ಬಾಯಿಯಲ್ಲಿ ಒಂದು ಭಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಭಾಗ ಮಂಕಾಗಿ ಬೂದು ಬಣ್ಣಕ್ಕಿತ್ತು. ಹೊಳೆಯುವುದು ಅವತ್ತು ಕಿತ್ತದ್ದು. ಮಂಕಾದದ್ದು ವೆಲ್ಡ್ ಮಾಡುವಾಗಲೇ ಒಂದಕ್ಕೊಂದು ಕೂಡದೆ ಉಳಿದ ಜಾಗ ಇರಬಹುದು ಎಂದ. ಹದ ಮಾಡಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ವೆಲ್ಡಿನ ಬಿಸಿಗೆ ಆ ಸುತ್ತಿನಲ್ಲಿ ಮೆತ್ತಗಾಗುತ್ತದಂತೆ. ಅದಕ್ಕೇ ಏಣಿಯ ಮೆಟ್ಟಿಲಿಗೆ ಬರೀ ವೆಲ್ಡನ್ನೇ ನಂಬುವವರು ಪೈಪಿನ ದಪ್ಪ ಜಾಸ್ತಿ ಇಡಬೇಕು. ನಮ್ಮದರ ಪೈಪು ತಗಡಿನಷ್ಟೇ ಇತ್ತು.

ಆದರೆ ಯಜಮಾನರು ಬೇರೆಯೇ ಮಾತಾಡುತ್ತಿದ್ದರು. "ನಾನೇ ಕಾಲು ತಪ್ಪಿರಬೇಕು. ಆಮೇಲೆ ಮೆಟ್ಟಿಲು ಕಿತ್ತಿರಬೇಕು." ಮಲಗಿದಲ್ಲೇ, ಸೀಲಿಂಗ್ ನೋಡುತ್ತಾ, ತಿಂಗಳುಗಟ್ಟಲೆ ಇದೇ. ಮೂವತ್ತು ವರ್ಷ ಮರ ಹತ್ತಿದ ಮನುಷ್ಯ.

ಮಡಿಕೇರಿ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೇ ತಿಂಗಳಲ್ಲಿ ಹೋದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ಇದು ನನಗೆ ಗೊತ್ತೇ ಇರಲಿಲ್ಲ. "ನಾಲ್ಕೆಕರೆ ಕಾಫಿ ತೋಟ ಇದೆಯಲ್ಲ, ಫ್ರೀ ಕೊಡ್ತಾರಾ" ಎಂದು ಅಳುಕಿಕೊಂಡೇ ಹೋಗಿದ್ದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನನಗೆ ಸಿಕ್ಕ ವಕೀಲೆ ಚಿಕ್ಕ ವಯಸ್ಸಿನವರು. ಅವರು ಕೇಳಿದ ಮೊದಲ ಪ್ರಶ್ನೆ: "ಏಣಿ ಎಲ್ಲಿದೆ?" ಇದೆ ಎಂದಾಗ ಅವರ ಮುಖ ಬದಲಾದದ್ದು ನನಗೆ ಇನ್ನೂ ನೆನಪಿದೆ.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂದೇ ಒಂದು ಅಧ್ಯಾಯವಿದೆ, 82ರಿಂದ 87ನೇ ಕಲಮಿನವರೆಗೆ. ಹಳೆಯ 1986ರ ಕಾಯ್ದೆಯಲ್ಲಿ ಈ ಅಧ್ಯಾಯ ಇರಲಿಲ್ಲ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲೇ ದೋಷ, ಹೇಳಿದ ಅಳತೆಗೆ ತಕ್ಕಂತೆ ಮಾಡದಿರುವುದು, ಕೊಟ್ಟ ಭರವಸೆಗೆ ತಕ್ಕಂತಿಲ್ಲದಿರುವುದು, ಸರಿಯಾದ ಸೂಚನೆ ಎಚ್ಚರಿಕೆ ಬರೆಯದಿರುವುದು: ಇವುಗಳಲ್ಲಿ ಯಾವುದೇ ಒಂದರಿಂದ ಪೆಟ್ಟಾದರೂ ತಯಾರಕ ಹೊಣೆ. ಅವನು ಬೇಕೆಂದೇ ಮಾಡಿದ, ಉದಾಸೀನ ಮಾಡಿದ ಎಂದು ನಾವು ಅವನ ಕಾರ್ಖಾನೆಯೊಳಗೆ ಹೊಕ್ಕು ತೋರಿಸಬೇಕಿಲ್ಲ. ವಸ್ತುವಿನಲ್ಲಿ ದೋಷವಿತ್ತು, ಆ ದೋಷದಿಂದಲೇ ಪೆಟ್ಟಾಯಿತು, ಇವೆರಡು ಬೇಕು. ಅದಕ್ಕೇ ಏಣಿ ಬೇಕು.

ನನಗಿದ್ದ ಭಯಗಳು ಒಂದೊಂದೇ ಬಂದವು. ಬಿಲ್ಲಿಲ್ಲ. ಅಂಗಡಿಯವ ಕೊಟ್ಟದ್ದು 'ಎಸ್ಟಿಮೇಟ್' ಎಂದು ಬರೆದ ಒಂದು ಹಳದಿ ಚೀಟಿ. ವಕೀಲೆ ಹೇಳಿದರು: ಬಿಲ್ ಕೊಡದಿರುವುದೇ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಯುಪಿಐ ಪಾವತಿಯ ದಾಖಲೆ, ಆ ಚೀಟಿ, ಅಂಗಡಿಯವ ಫೋನಿಗೆ ಕಳಿಸಿದ್ದ "ಏಣಿ ಬಂದಿದೆ ಅಕ್ಕ" ಎಂಬ ಸಂದೇಶ ಸೇರಿಸಿದರೆ ಸಾಕು. ಕೊಂಡವಳು ನಾನು, ಬಿದ್ದವರು ಅವರು, ಹಾಗಾದರೆ? ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಅಪ್ಪ ತಂದ ಕುಕ್ಕರಿನಿಂದ ಮಗಳಿಗೆ ಸುಟ್ಟರೂ ಅಷ್ಟೇ. ಪೆಟ್ಟು ತಿಂದವರು ಬದುಕುಳಿಯದಿದ್ದರೆ ವಾರಸುದಾರರು ದೂರು ಕೊಡಬಹುದು.

ದೊಡ್ಡ ಭಯ ಇನ್ನೊಂದು. ತೋಟದ ಕೆಲಸಕ್ಕೆ ತಂದ ಏಣಿ, ಇದು "ವಾಣಿಜ್ಯ ಉದ್ದೇಶ"ವಲ್ಲವೇ? ವಾಣಿಜ್ಯಕ್ಕೆ ಕೊಂಡವರು ಗ್ರಾಹಕರಲ್ಲ ಎಂಬ ಮಾತು ಕಾಯ್ದೆಯಲ್ಲಿದೆ. ಅಂಗಡಿಯವನ ವಕೀಲರು ಇದನ್ನೇ ಗಟ್ಟಿಯಾಗಿ ಹಿಡಿದರು, ಕಾಫಿ ಬೆಳೆಗಾರ್ತಿ, ಕಾಳುಮೆಣಸು ಮಾರುವವಳು ಎಂದು. ಆದರೆ ಅದೇ ಕಲಮಿನ ವಿವರಣೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸಿದ್ದು ವಾಣಿಜ್ಯವಲ್ಲ ಎಂದಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಾನೇ ದುಡಿಯುವವನು ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡ ಮಾತ್ರಕ್ಕೆ ಗ್ರಾಹಕನಲ್ಲ ಅಂತಾಗುವುದಿಲ್ಲ. 2012ರಲ್ಲಿ ಕಳಪೆ ಬೀಜದ ಪ್ರಕರಣದಲ್ಲಿ ರೈತರೂ ಗ್ರಾಹಕರೇ ಎಂದು ಅದೇ ಕೋರ್ಟ್ ಹೇಳಿತು. ನಮ್ಮ ಪಹಣಿ, ಪಡಿತರ ಚೀಟಿ, ಮೂರು ವರ್ಷದ ಮೆಣಸು ಮಾರಿದ ಚೀಟಿಗಳನ್ನು ಇಟ್ಟೆವು. ಯಾರು ಹತ್ತುತ್ತಾರೆ, ಯಾರು ಆಯುತ್ತಾರೆ ಎಂದು ಅಫಿಡವಿಟ್ಟಿನಲ್ಲಿ ಬರೆದೆ. ಅದನ್ನು ಬರೆಯುವಾಗ ನನಗೆ ಅಳು ಬಂತು.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ನೂರಾರು ಎಕರೆ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕ ಇದೇ ಏಣಿಯಿಂದ ಬಿದ್ದರೆ ನಮ್ಮ ಈ ದಾರಿ ಅವನಿಗೆ ಸುಲಭವಲ್ಲ, ಏಕೆಂದರೆ ಏಣಿ ಕೊಂಡವನು ದೊಡ್ಡ ವ್ಯಾಪಾರಿ. ಅವನಿಗಿರುವುದು ಕಾರ್ಮಿಕ ಪರಿಹಾರದ ದಾರಿ, 1923ರಿಂದಲೂ ಕಾನೂನಿನಲ್ಲಿ ಇರುವುದು. ಅದರಲ್ಲಿ ಮಾಲೀಕನ ತಪ್ಪು ತೋರಿಸಬೇಕಿಲ್ಲ, ಕೆಲಸದ ವೇಳೆ ಕೆಲಸದಿಂದ ಆದ ಪೆಟ್ಟು ಎಂದರೆ ಮಾಲೀಕನೇ ಹೊಣೆ. ಮೆಣಸಿನ ಕಾಲದಲ್ಲಿ ಬೀಳುವವರಲ್ಲಿ ಹೆಚ್ಚಿನವರು ಕೂಲಿಯವರೇ. "ಆಸ್ಪತ್ರೆ ಖರ್ಚು ಕೊಟ್ಟಿದ್ದೇವಲ್ಲ" ಎಂಬ ಮಾತಿಗೆ ಅವರ ಹಕ್ಕು ಮುಗಿದುಹೋಗುವುದನ್ನು ನಾನು ನೋಡಿದ್ದೇನೆ. ನಾವು ಬೆಳೆಗಾರರು ಇದನ್ನು ಒಪ್ಪಿಕೊಳ್ಳಲೇಬೇಕು.

2024ರ ಜುಲೈನಲ್ಲಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿದೆವು. ಕಂಪನಿ ಹೊರರಾಜ್ಯದಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಇದು ಹೊಸ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ಯಾವ ಮಟ್ಟದ ಆಯೋಗ ಎಂಬುದು ನಾವು ಕೇಳುವ ಪರಿಹಾರದಿಂದಲ್ಲ, ವಸ್ತುವಿಗೆ ಕೊಟ್ಟ ಬೆಲೆಯಿಂದ ತೀರ್ಮಾನವಾಗುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಘಟನೆ ಆದ ಎರಡು ವರ್ಷದೊಳಗೆ ಹಾಕಬೇಕು. ನಾವು ಹಾಕುವಾಗ ಆನ್‌ಲೈನಿನಲ್ಲಿ ದೂರು ಹಾಕಲು ಇ-ದಾಖಿಲ್ ಎಂಬ ಜಾಲತಾಣ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ಜುಲೈ ತಿಂಗಳ ಮೂರ್ನಾಡಿನಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಡಿಕೇರಿಗೆ ಬಸ್ಸು ಹತ್ತಿ, ಒದ್ದೆ ಸೆರಗಿನಲ್ಲೇ ಸ್ಕ್ಯಾನ್ ಮಾಡಿಸಿದೆ. ಸುಮ್ಮನೆ ವಿಚಾರಿಸಬೇಕೆಂದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ, ಅಲ್ಲಿ ಕಂಪನಿಯ ಜೊತೆ ಮಾತಾಡಿಸಿ ನೋಡುತ್ತಾರೆ. ಸಣ್ಣಪುಟ್ಟದಕ್ಕೆ ಅದು ಒಳ್ಳೆಯದು. ಮೂಳೆ ಮುರಿದ ಮೇಲೆ ಅದನ್ನೇ ನಂಬಿ ದಿನ ಕಳೆಯಬೇಡಿ.

ಏನು ಕೇಳಬೇಕು ಎಂಬಲ್ಲಿ ನನ್ನದೇ ಹಠ ಇತ್ತು. ಮರದಲ್ಲೇ ಉಳಿದು ಉದುರಿಹೋದ ಮೆಣಸಿನ ಲೆಕ್ಕ ಬರೆದುಕೊಂಡು ಹೋಗಿದ್ದೆ. ವಕೀಲೆ ಅದನ್ನು ಮಡಚಿಟ್ಟರು. ಉತ್ಪನ್ನ ಹೊಣೆಗಾರಿಕೆಯಲ್ಲಿ 'ಹಾನಿ' ಎಂದರೆ ದೇಹಕ್ಕಾದ ಪೆಟ್ಟು, ಕಾಯಿಲೆ, ಸಾವು, ಅದರ ಜೊತೆಗಿನ ಮನಸ್ಸಿನ ಸಂಕಟ, ಬೇರೆ ಆಸ್ತಿಗೆ ಆದ ನಷ್ಟ. ವ್ಯಾಪಾರದ ನಷ್ಟ, ಆ ವಸ್ತುವಿಗೇ ಆದ ಹಾನಿ ಅದರಲ್ಲಿ ಬರುವುದಿಲ್ಲ. ಆಸ್ಪತ್ರೆ ಬಿಲ್ಲು, ಮೈಸೂರಿಗೆ ಹೋಗಿ ಬಂದ ಗಾಡಿ ಬಾಡಿಗೆ, ಮುಂದಿನ ಆಪರೇಷನ್, ಕಾಲು ಸರಿಯಿಲ್ಲದೆ ಕಳೆದುಕೊಂಡ ದುಡಿಮೆ, ನೋವು ಇವನ್ನು ಮುಂದಿಟ್ಟೆವು. ಏಣಿಯ 11,500 ರೂಪಾಯಿಯನ್ನು ದೋಷವಿರುವ ವಸ್ತು ಮಾರಿದ್ದಕ್ಕೆ ಬೇರೆಯಾಗಿ ಕೇಳಿದೆವು.

ಕಂಪನಿಗೆ ಕಳಿಸಿದ ನೋಟಿಸು ವಾಪಸ್ ಬಂತು. ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ. ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನ ವಕೀಲೆ 86ನೇ ಕಲಮು ಓದಿಸಿದರು: ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ, ಗೊತ್ತಿದ್ದರೂ ನೋಟಿಸು ಮುಟ್ಟಿಸಲು ಆಗದಿದ್ದರೆ, ಮಾರಿದವನೇ ಹೊಣೆ. ಮಾರುವವನು ತಾನಾಗಿ ಬೇರೆ ಭರವಸೆ ಕೊಟ್ಟು, ವಸ್ತು ಅದಕ್ಕೆ ತಕ್ಕಂತೆ ಇಲ್ಲದೆ ಪೆಟ್ಟಾದರೂ ಅವನು ಹೊಣೆ. "ಇಬ್ಬರು ಹತ್ತಿದರೂ ಏನೂ ಆಗಲ್ಲ" ಎಂದವನು ಅವನೇ ತಾನೆ.

ಅಂಗಡಿಯವನ ಕಡೆಯವರ ಉತ್ತರ ಬಂತು. 87ನೇ ಕಲಮಿನಲ್ಲಿ ಹೊಣೆಯಿಂದ ತಪ್ಪಿಸಿಕೊಳ್ಳುವ ದಾರಿಗಳಿವೆ: ತಪ್ಪಾಗಿ ಬಳಸಿದರು, ವಸ್ತುವನ್ನು ಬದಲಾಯಿಸಿದರು, ಕುಡಿದು ಬಳಸಿದರು. ಮೂರನ್ನೂ ಬರೆದಿದ್ದರು. ಏಣಿಯ ತಲೆಯನ್ನು ಮರಕ್ಕೆ ಕಟ್ಟಲು ನಾವು ಹಾಕಿದ್ದ ತೆಂಗಿನ ಹಗ್ಗವೇ ಅವರಿಗೆ 'ಬದಲಾವಣೆ'. ಕೊಡಗಿನಲ್ಲಿ ಹಗ್ಗ ಕಟ್ಟದೆ ಏಣಿ ಇಡುವವರು ಯಾರು? ಕಟ್ಟದಿದ್ದರೆ ಅದನ್ನೇ ತಪ್ಪು ಅನ್ನುತ್ತಿದ್ದರು. ಹಗ್ಗ ಇದ್ದದ್ದು ತುದಿಯಲ್ಲಿ, ಮುರಿದದ್ದು ಎರಡನೇ ತುಂಡಿನ ಮೆಟ್ಟಿಲು, ಮೈದುನ ತೆಗೆದ ಫೋಟೋದಲ್ಲಿ ಎರಡೂ ಕಾಣುತ್ತದೆ. ಕುಡಿತದ ಮಾತು ಮಾತ್ರ ಯಜಮಾನರಿಗೆ ಚುಚ್ಚಿತು. ಬೆಳಿಗ್ಗೆ ಹತ್ತೂವರೆಗೆ, ಮರದ ಮೇಲೆ. ಆಸ್ಪತ್ರೆಯ ದಾಖಲೆಯಲ್ಲಿ ಎಲ್ಲೂ ಅಂಥ ಮಾತಿಲ್ಲ. ಹಾಗಿದ್ದರೂ ಎರಡು ದಿನ ಅವರು ಯಾರ ಹತ್ತಿರವೂ ಮಾತಾಡಲಿಲ್ಲ.

ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಸಾಯುವವರ ಸುದ್ದಿ ನಮ್ಮಲ್ಲಿ ಪ್ರತಿ ಮೆಣಸಿನ ಕಾಲದಲ್ಲೂ ಕಿವಿಗೆ ಬೀಳುತ್ತದೆ. ಆ ಪ್ರಶ್ನೆ ಬೇರೆ. ಎಲ್ಲರಿಗೂ ಗೊತ್ತಿರುವ, ಕಣ್ಣಿಗೆ ಕಾಣುವ ಅಪಾಯಕ್ಕೆ ತಯಾರಕ ಎಚ್ಚರಿಕೆ ಬರೆಯಬೇಕಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ವೆಲ್ಡಿನ ಒಳಗಿನ ಪೊಳ್ಳು ಯಾರ ಕಣ್ಣಿಗೆ ಕಾಣುತ್ತದೆ?

ಅಷ್ಟರಲ್ಲಿ ನಾನು ಅದೇ ಅಂಗಡಿಯಿಂದ ಅದೇ ವರ್ಷ ಏಣಿ ತಂದವರನ್ನು ಹುಡುಕಿದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಕೇಳಿದೆ. ಎರಡು ಮನೆಯಲ್ಲಿ ಅದೇ ಸ್ಟಿಕ್ಕರಿನ ಏಣಿ ಸಿಕ್ಕಿತು. ಒಂದರಲ್ಲಿ ಮೆಟ್ಟಿಲ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಆ ಮನೆಯವರು ಅಂದೇ ಅದನ್ನು ಬಳಸುವುದು ನಿಲ್ಲಿಸಿದರು. ಪರಿಹಾರ ಬರಲಿ ಬಿಡಲಿ, ಅದೊಂದು ಬಿರುಕು ಕಂಡದ್ದಕ್ಕೆ ನನ್ನ ಓಡಾಟ ಸಾರ್ಥಕ ಅನ್ನಿಸಿತು. ಫೋಟೋಗಳ ಜೊತೆ ಜಿಲ್ಲಾಧಿಕಾರಿಗಳಿಗೂ ಬರೆದೆ. ಬಹಳ ಜನಕ್ಕೆ ಅಪಾಯ ತರುವ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ಅಥವಾ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ವಸ್ತುವನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. 2022ರಲ್ಲಿ ಗುಣಮಟ್ಟದ ಆದೇಶಕ್ಕೆ ಹೊಂದದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟದ್ದಕ್ಕೆ ಅದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ತಲಾ 1 ಲಕ್ಷ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ಹಣ ಹಿಂತಿರುಗಿಸಲು ಹೇಳಿತ್ತು. ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಈಗ ನಮ್ಮ ಮನೆಗೆ ಏನು ಬಂದರೂ ಮೊದಲು ಆ ಸಂಖ್ಯೆ ನೋಡುತ್ತೇನೆ.

ಕಾಯ್ದೆಯಲ್ಲಿ ಮೂರು ತಿಂಗಳು, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಿದ್ದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು ಎಂದಿದೆ. ನಮ್ಮದಕ್ಕೆ ವರ್ಷ ದಾಟಿದೆ. ನಡುವೆ ಒಮ್ಮೆ ರಾಜಿ ಮಾತುಕತೆಗೆ ಕಳಿಸಿದರು. ಅಂಗಡಿಯವ ಅರವತ್ತು ಸಾವಿರ ಎಂದ, ಎದ್ದು ಬಂದೆವು. ಪ್ರತಿ ವಾಯಿದೆಗೂ ಒಂದು ದಿನದ ಕೆಲಸ ಹೋಗುತ್ತದೆ, ಬಸ್ ಚಾರ್ಜು ಹೋಗುತ್ತದೆ. ಈ ದಾರಿ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಜೂನ್‌ನಲ್ಲಿ ಆಯೋಗದ ಆದೇಶದಂತೆ ಏಣಿಯ ಮುರಿದ ತುಂಡಿಗೆ ಸೀಲು ಹಾಕಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಪರೀಕ್ಷೆಯ ಶುಲ್ಕ ಮೊದಲು ನಾವೇ ಕಟ್ಟಿದೆವು. ವರದಿ ಕಳೆದ ವಾರ ಬಂತು. ಎದುರಿನವರಿಗೆ ಆಕ್ಷೇಪಣೆ ಹೇಳಲು ಸಮಯ ಕೊಟ್ಟಿದ್ದಾರೆ, ಮುಂದಿನ ವಾಯಿದೆ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ.

ವರದಿಯ ಪ್ರತಿ ತಂದ ರಾತ್ರಿ ಕರೆಂಟಿರಲಿಲ್ಲ. ಯಜಮಾನರು ಜಗಲಿಯಲ್ಲಿ ಕೂತು, ಕೋಲನ್ನು ಗೋಡೆಗೆ ಒರಗಿಸಿ, ಎಮರ್ಜೆನ್ಸಿ ಲೈಟಿನಲ್ಲಿ ಕಾಗದ ಹಿಡಿದರು. ಅವರಿಗೆ ಇಂಗ್ಲಿಷ್ ಓದಲು ಕಷ್ಟ, ಮಗಳು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಬೆಸುಗೆಯು ಮೆಟ್ಟಿಲಿನ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಮೊದಲಿನಿಂದಲೇ ಕೂಡಿರಲಿಲ್ಲ ಎಂಬ ಸಾಲನ್ನು ಅವರು ಎರಡು ಸಲ ಹೇಳಿಸಿದರು. ಆಮೇಲೆ ಮಳೆಯ ಕಡೆ ನೋಡುತ್ತಾ ಸುಮಾರು ಹೊತ್ತು ಕೂತರು.

"ಹಂಗಾದ್ರೆ ನಾನು ಕಾಲು ತಪ್ಪಲಿಲ್ಲ" ಅಂದರು.

ಒಳಗಿಂದ ಅತ್ತೆ, "ನಾನು ಹೇಳಲಿಲ್ವಾ" ಅಂದರು. ಅವರು ಹಾಗೆ ಯಾವತ್ತೂ ಹೇಳಿರಲಿಲ್ಲ. ನಾನು ಸುಮ್ಮನೆ ಮೂವರಿಗೂ ಕಾಫಿ ಇಡಲು ಎದ್ದೆ.